ಕಿವಿಮಾತು ಹೇಳಿದ ವೈದ್ಯೆ

ಮಾಗಡಿಯ ಕೋಟೆಯ ಸಮೀಪದಲ್ಲಿದ್ದ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಕಾದಂಬರಿ ಓದುವುದಕ್ಕೆ ಅಡ್ಡಿಯಿರಲಿಲ್ಲ. ಮೈಯ ವಿಚಾರ ಆಡುವುದಕ್ಕೆ ಮಾತ್ರ ಬಾಯಿಗೆ ಬೀಗವಿದ್ದಿತು. ನನ್ನ ದೊಡ್ಡಪ್ಪನ ಮಗಳು ಹನ್ನೆರಡನೆಯ ವಯಸ್ಸಿನಲ್ಲಿ ಮೈನೆರೆದಾಗ, ತನಗೆ ಯಾವುದೋ ಕೆಟ್ಟ ರೋಗ ತಗುಲಿತೆಂದು ಹೆದರಿ, ಎರಡು ದಿನ ಯಾರಿಗೂ ತಿಳಿಸದೆ ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಕುಳಿತು ಅತ್ತಿದ್ದಳು. ತಿಳಿದ ಮೇಲೆ ಹಿರಿಯರು ಆರತಿ ಎತ್ತಿದರು, ಚಿಗಳಿ ತಂಬಿಟ್ಟು ತಿನ್ನಿಸಿದರು. ಆದುದೇನೆಂಬುದನ್ನು ಒಬ್ಬರೂ ಹೇಳಲಿಲ್ಲ. ಅವಳ ಶಾಲೆ ಅಲ್ಲಿಗೆ ನಿಂತಿತು. ಕೆಲವು ವರ್ಷಗಳ ತರುವಾಯ, ಎಂಬತ್ತರ ದಶಕದ ಕೊನೆಯಲ್ಲಿ, ನನ್ನ ಸರದಿ ಬಂದಾಗ ನನಗೆ ಆ ಭಯವಿರಲಿಲ್ಲ. ಅನುಪಮಾ ನಿರಂಜನರ ‘ಕೇಳು ಕಿಶೋರಿ’ಯನ್ನು ನಾನು ಅದಕ್ಕೆ ಮೊದಲೇ ಓದಿದ್ದೆ. ಕಾದಂಬರಿಯೆಂದೇ ತಿಳಿದು ಅಮ್ಮ ಎರವಲು ತಂದಿದ್ದ ಪುಸ್ತಕವದು.

ಈ ತಪ್ಪುತಿಳಿವಳಿಕೆಯಲ್ಲಿಯೇ ಅನುಪಮಾ ಅವರ ಸಾಧನೆಯ ಗುಟ್ಟು ಅಡಗಿದೆಯೆಂದು ನನಗೆ ಅನೇಕ ಸಲ ಅನ್ನಿಸಿದೆ.

ಅವರು ಜನಿಸಿದುದು 1934ರಲ್ಲಿ, ತೀರ್ಥಹಳ್ಳಿಯಲ್ಲಿ. ಹೆತ್ತವರಿಟ್ಟ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಶಾಸ್ತ್ರ ವ್ಯಾಸಂಗ ಮಾಡಿದರು. 1956ರಲ್ಲಿ ಕಾದಂಬರಿಕಾರ ನಿರಂಜನರ ಕೈಹಿಡಿದರು. ಧಾರವಾಡದಲ್ಲಿಯೂ ಆಮೇಲೆ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿ ನಡೆಸಿದರು. ಹಗಲು ರೋಗಿಗಳ ನಾಡಿ, ಉಳಿದ ಹೊತ್ತು ಲೇಖನಿ; ಇವೆರಡೂ ಅವರಿಗೆ ಬೇರೆ ಬೇರೆ ಕಸುಬುಗಳಾಗಿರಲಿಲ್ಲ.

ಆರೋಗ್ಯದ ಪಾಠವನ್ನು ಪಾಠವೆಂದು ಹೇಳಿಕೊಂಡು ಬಂದರೆ ನಮ್ಮ ಮನೆಗಳ ಹೊಸ್ತಿಲು ಅದನ್ನು ಒಳಕ್ಕೆ ಬಿಡುತ್ತಿರಲಿಲ್ಲ. ಕಥೆ ಹೇಳುವವಳಿಗೆ ಆ ತಡೆಯಿಲ್ಲ. ಅವಳು ಅಡುಗೆಮನೆಯವರೆಗೂ ಬಂದು ಕೂರಬಲ್ಲಳು. ‘ಅನಂತ ಗೀತ’, ‘ಮಾಧವಿ’ ಮೊದಲಾದ ಕಾದಂಬರಿಗಳಿಂದ ಅನುಪಮಾ ಓದುಗರ ಪಾಲಿಗೆ ಮನೆಯ ಮಗಳಾದರು. ‘ಋಣಮುಕ್ತಳು’ ಪುಟ್ಟಣ್ಣ ಕಣಗಾಲರ ಕೈಯಲ್ಲಿ 1984ರಲ್ಲಿ ಚಲನಚಿತ್ರವಾಯಿತು. ಪುಸ್ತಕ ಮುಟ್ಟದಿದ್ದವರೂ ಅವರ ಹೆಸರು ಕೇಳುವಂತಾಯಿತು. ಹೀಗೆ ಸಂಪಾದಿಸಿದ ನಂಬಿಕೆಯನ್ನು ಅವರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಎಂಬ ವೈದ್ಯಕೃತಿಗಳಿಗೆ ವೆಚ್ಚಮಾಡಿದರು. ಬಸಿರು, ಬಾಣಂತನ, ಮುಟ್ಟು ಇವನ್ನೆಲ್ಲ ಮುಚ್ಚುಮರೆಯಿಲ್ಲದೆ, ಆದರೆ ಓದುವವಳ ಮುಖ ಕೆಂಪಾಗದಂತೆ, ತಿಳಿಗನ್ನಡದಲ್ಲಿ ಬರೆಯುವುದು ಸುಲಭದ ಮಾತಲ್ಲ. ಒಂದು ತಕರಾರು ಮಾತ್ರ ನನ್ನಲ್ಲಿ ಉಳಿದಿದೆ: ಕಿವಿಮಾತು ವಧುವಿಗೇ ಏಕೆ? ವರನ ಕಿವಿಯೇನು ಕಿವುಡೇ? ಆ ಕಾಲದಲ್ಲಿ ಕೊಂಡು ಓದುತ್ತಿದ್ದವರು ಯಾರೆಂಬುದನ್ನು ವೈದ್ಯೆ ಬಲ್ಲವರಾಗಿದ್ದರೆಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಇನ್ನೂ ಚಿಕ್ಕವರಿಗಾಗಿ ಅವರು ಹನ್ನೆರಡು ಸಂಪುಟಗಳಲ್ಲಿ ‘ದಿನಕ್ಕೊಂದು ಕಥೆ’ಯನ್ನು ಕೊಟ್ಟರು. ತಿಂಗಳಿಗೊಂದು ಸಂಪುಟ, ದಿನಕ್ಕೊಂದು ಕಥೆ. ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂದಿತು. ಆ ಕಥೆಗಳಲ್ಲಿ ಬೆಳೆದ ಹುಡುಗಿಯ ಕೈಗೆ ಮುಂದೆ ‘ಕೇಳು ಕಿಶೋರಿ’ ಬಂದಾಗ ಅದು ಅಪರಿಚಿತ ದನಿಯಾಗಿ ಕೇಳಿಸುವುದು ಹೇಗೆ?

1971ರಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಅಂದಿನಿಂದ ಮನೆಯೊಳಗೂ ಒಬ್ಬ ರೋಗಿ. ಆದರೂ ಆ ಮನೆಯಲ್ಲಿ ಬರವಣಿಗೆ ನಿಲ್ಲಲಿಲ್ಲ. ಕೊನೆಗೆ ಕ್ಯಾನ್ಸರ್ ವೈದ್ಯೆಯನ್ನೇ ಹಿಡಿಯಿತು. 1991ರಲ್ಲಿ, ಇನ್ನೂ ಐವತ್ತೇಳು ತುಂಬುವ ಮೊದಲೇ, ಅನುಪಮಾ ತೀರಿಕೊಂಡರು. ಮರುವರ್ಷ ನಿರಂಜನರೂ ಹೊರಟರು. ಕರ್ನಾಟಕ ಲೇಖಕಿಯರ ಸಂಘವು ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು.

ನಾನು ಉಪಾಧ್ಯಾಯಿನಿಯಾದ ಮೇಲೆ ‘ಕೇಳು ಕಿಶೋರಿ’ಯ ಪ್ರತಿಯೊಂದನ್ನು ಕೊಂಡೆ. ದೊಡ್ಡಪ್ಪನ ಮಗಳಿಗೆ ಅಷ್ಟರಲ್ಲಿ ಹತ್ತು ವರ್ಷದ ಮಗಳಿದ್ದಳು. ಪುಸ್ತಕವನ್ನು ಅವಳ ಕೈಗಿತ್ತು, ಮಗುವಿಗೆ ಓದಿ ಹೇಳಕ್ಕ ಎಂದೆ. ಅಕ್ಕ ನಡುಮನೆಯ ಕಂಬಕ್ಕೆ ಒರಗಿ, ಒಲೆಯ ಮೇಲಿನ ಸಾರು ಹತ್ತುತ್ತಿದ್ದುದನ್ನೂ ಮರೆತು, ಮೊದಲ ಪುಟದಿಂದ ಕೊನೆಯವರೆಗೆ ತಾನೇ ಓದಿದಳು. ಆಮೇಲೆ ಎದ್ದು, ಮಾತಾಡದೆ, ಅದನ್ನು ಮಗಳ ಶಾಲೆಯ ಚೀಲದಲ್ಲಿ ಗಣಿತದ ಪುಸ್ತಕದ ಪಕ್ಕಕ್ಕೆ ಇಟ್ಟಳು.