ಬೆಳಗಾವಿ ಬಿಟ್ಟುಕೊಟ್ಟ ಡ್ರಾಯಿಂಗ್ ಮಾಸ್ತರ

ಮೂಡಲಗಿ ಸಮೀಪದ ನಮ್ಮ ಹೊಲದ ಬಾವಿ ಮೇಲೆ ಹಳೇದೊಂದು ಪಂಪ್‌ಸೆಟ್ ಇತ್ತು. ಅಜ್ಜ ಅದನ್ನು ಪಂಪು ಅಂತ ಕರೆದದ್ದು ನನಗೆ ನೆನಪಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಬಂದ ಕೂಡಲೇ, ಹೋಗಿ ಕಿರ್ಲೋಸ್ಕರ್ ಚಾಲೂ ಮಾಡಿ ಬಾ ಅಂತ ನನ್ನನ್ನು ಎಬ್ಬಿಸುತ್ತಿದ್ದ. ಅದು ಒಂದು ಮನೆತನದ ಹೆಸರು, ಆ ಹೆಸರನ್ನು ಯಂತ್ರದ ಮೇಲೆ ಬರೆಸಿದ ಮನುಷ್ಯ ನಮ್ಮದೇ ಜಿಲ್ಲೆಯವರು ಅನ್ನೋದು ಗೊತ್ತಾದದ್ದು ನಾನು ಎಂಜಿನಿಯರಿಂಗ್ ಮುಗಿಸಿ, ಅದನ್ನು ಬಿಟ್ಟು, ಪತ್ರಕರ್ತನಾದ ಮೇಲೆ. ನಾಲ್ಕು ವರ್ಷ ಮೋಟಾರು, ಟ್ರಾನ್ಸ್‌ಫಾರ್ಮರುಗಳ ಮೇಲೆ ಪರೀಕ್ಷೆ ಬರೆದೆ. ಅವರ ಬಗ್ಗೆ ಒಂದು ಸಾಲೂ ಓದಿರಲಿಲ್ಲ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಪಕ್ಕದ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಇದೇ ಊರಿನವರು. ತಂದೆ ವೇದಾಂತದ ಪಂಡಿತರು. ಮಗನಿಗೆ ಶಾಲೆ ಒಗ್ಗಲಿಲ್ಲ, ಚಿತ್ರ ಬರೆಯೋದು ಒಗ್ಗಿತು. ಅಣ್ಣ ರಾಮಣ್ಣ ಬೆನ್ನಿಗೆ ನಿಂತ. 1885ರಲ್ಲಿ ಹುಡುಗ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದ. ಅಲ್ಲಿ ಒಂದು ಪೆಟ್ಟು ಬಿತ್ತು: ಅವನಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ವರ್ಣಚಿತ್ರಕಾರ ಆಗೋ ಕನಸು ಅಲ್ಲಿಗೆ ಮುಗೀತು. ಆದರೆ ಯಂತ್ರದ ನಕ್ಷೆಗೆ ಬಣ್ಣ ಯಾಕೆ ಬೇಕು? ಕರಿ ಗೆರೆ, ಬಿಳಿ ಹಾಳೆ, ಅಳತೆ, ಇಷ್ಟೇ. ಮೊದಲ ವರ್ಷದಲ್ಲಿ ಡ್ರಾಯಿಂಗ್ ಬೋರ್ಡ್ ಹೊತ್ತುಕೊಂಡು ಬಸ್ಸು ಹತ್ತಿ ಕಂಡಕ್ಟರನ ಕೈಲಿ ಬೈಸಿಕೊಂಡ ಎಲ್ಲರಿಗೂ ಆ ಕರಿ ಗೆರೆಯ ಪ್ರಪಂಚ ಗೊತ್ತು.

ಆ ಗೆರೆಗಳೇ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಕೊಡಿಸಿದವು. ಪದವಿ ಇಲ್ಲ. ಮೆಕ್ಯಾನಿಕಲ್ ಡ್ರಾಯಿಂಗ್ ಮಾಸ್ತರರಾಗಿ ಸೇರಿ, ಹುಡುಗರಿಗೆ ಕಲಿಸುತ್ತಲೇ ವರ್ಕ್‌ಶಾಪಿನಲ್ಲಿ ಯಂತ್ರಗಳ ಸಹವಾಸ ಮಾಡಿದರು.

ಆ ಸಂಸ್ಥೆ ಶುರುವಾದದ್ದು 1887ರಲ್ಲಿ. ಅದೇ ವರ್ಷ ಇತ್ತ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನಿಂದ ಟರ್ಬೈನು ತಿರುಗಿಸಿ ನೂಲಿನ ಗಿರಣಿ ಓಡಿಸಲು ಶುರು ಮಾಡಿದ್ದರು. ಹೊರಗಿನ ಬಂಡವಾಳಕ್ಕೆ ನಮ್ಮ ನದಿಯ ಬೆಲೆ ಅಷ್ಟು ಬೇಗ ಗೊತ್ತಾಗಿತ್ತು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಂಬಯಿಯಲ್ಲಿ ಒಮ್ಮೆ ಯಾರೋ ಸೈಕಲ್ ಹೊಡೆದುಕೊಂಡು ಹೋಗೋದು ಲಕ್ಷ್ಮಣರಾವ್ ಕಣ್ಣಿಗೆ ಬಿತ್ತು. ತಮ್ಮ ಮುಂಬಯಿಯಲ್ಲಿ ಸೈಕಲ್ ಖರೀದಿಸಿ ಕಳಿಸೋದು, ಅಣ್ಣ ಬೆಳಗಾವಿಯಲ್ಲಿ ಮಾರೋದು, ಕೊಂಡವರಿಗೆ ಹೊಡೆಯಲು ಕಲಿಸೋದು. ಹೀಗೆ ವ್ಯಾಪಾರ ಕುದುರಿತು. ಅಷ್ಟರಲ್ಲಿ ಸಂಸ್ಥೆಯಲ್ಲಿ ಒಂದು ಬಡ್ತಿ ಖಾಲಿಯಾಯಿತು. ಸರದಿ ಇವರದು. ಸಿಕ್ಕಿದ್ದು ಒಬ್ಬ ಆಂಗ್ಲೋ ಇಂಡಿಯನ್ನನಿಗೆ. ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಸರ್ಕಾರಿ ನೌಕರಿಗಾಗಿ ಹತ್ತು ವರ್ಷ ಕೋಚಿಂಗಿನಲ್ಲಿ ಕಳೆಯೋ ಊರುಗಳಲ್ಲಿ ಬೆಳೆದ ನನಗೆ ಅವರ ಬದುಕಿನ ಈ ಒಂದು ದಿನ ಇವತ್ತಿಗೂ ಅಚ್ಚರಿ.

ಬೆಳಗಾವಿಯಲ್ಲಿ ಸೈಕಲ್ ದುರಸ್ತಿ ಅಂಗಡಿ. ಅಂಗಡಿ ಇದ್ದ ರಸ್ತೆ ಈಗ ಕಿರ್ಲೋಸ್ಕರ್ ರಸ್ತೆ. ದುರಸ್ತಿಯಿಂದ ತಯಾರಿಕೆಗೆ ಬಂದಾಗ ಅವರು ಕೈ ಹಾಕಿದ್ದು ರೈತರ ಸಾಮಾನುಗಳಿಗೆ. ಮೊದಲು ಕಣಕಿ, ಮೇವು ಕತ್ತರಿಸೋ ಯಂತ್ರ. ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅನ್ನೋ ನಂಬಿಕೆ ಆಗ ರೈತರಲ್ಲಿತ್ತು. ಮೊದಲ ನೇಗಿಲು ಮಾರಲು ಎರಡು ವರ್ಷ ಬೇಕಾಯಿತು.

ರೈತರು ಮೂಢರು, ಎಂಜಿನಿಯರ್ ಜಾಣ ಅಂತ ಈ ಪ್ರಸಂಗವನ್ನು ಹೇಳೋದು ರೂಢಿ. ನನಗೆ ಹಾಗನಿಸೋದಿಲ್ಲ. ಮರದ ರಂಟಿ ಮುರಿದರೆ ಊರಿನ ಬಡಿಗ್ಯಾ ಸಂಜೆಯೊಳಗೆ ಕಟ್ಟಿಕೊಡುತ್ತಿದ್ದ, ಸುಗ್ಗಿಯಲ್ಲಿ ಕಾಳು ಒಯ್ಯುತ್ತಿದ್ದ. ಎರಕದ ಕಬ್ಬಿಣ ಮುರಿದರೆ ಯಾರ ಹತ್ತಿರ ಹೋಗಬೇಕು? ನಗದು ಎಲ್ಲಿಂದ ತರಬೇಕು? ಒಂದು ಮಳೆಗಾಲ ತಪ್ಪಿದರೆ ವರ್ಷದ ಅನ್ನ ಹೋಗುವವರು ಹೊಸ ವಸ್ತುವನ್ನು ಅನುಮಾನದಿಂದ ನೋಡೋದರಲ್ಲಿ ತಪ್ಪೇನಿದೆ? ಕಿರ್ಲೋಸ್ಕರ್ ಆ ಎರಡು ವರ್ಷ ಗ್ರಾಹಕರನ್ನು ಬಯ್ಯುತ್ತಾ ಕೂರಲಿಲ್ಲ, ನೇಗಿಲು ಮಾಡೋದನ್ನೂ ಬಿಡಲಿಲ್ಲ. ಅವರ ದೊಡ್ಡತನ ಅಲ್ಲಿದೆ ಅಂತ ನನ್ನ ಲೆಕ್ಕ.

ನೇಗಿಲು ಹೋಗತೊಡಗಿದಾಗ ಜಾಗದ ಸಮಸ್ಯೆ ಬಂತು. ಊರು ಬೆಳೆಯುತ್ತಿತ್ತು, ಹೊಸ ಬಡಾವಣೆಗೆ ಕಾರ್ಖಾನೆಯ ಜಾಗ ಬೇಕು ಅಂತ ಬೆಳಗಾವಿ ಪುರಸಭೆ ತೆರವಿಗೆ ಹೇಳಿತು. ಇದು 1910ರ ಮಾತು. ಆಗ ಕರೆದವರು ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಅವರೂ ಚಿತ್ರ ಬರೆಯುವವರೇ. ಕುಂಡಲ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನು, ಜೊತೆಗೆ ಹತ್ತು ಸಾವಿರ ರೂಪಾಯಿ ಸಾಲ. ಜಮೀನೆಂದರೆ ಪಾಪಾಸುಕಳ್ಳಿ, ನಾಗರಹಾವುಗಳ ಬೀಡು. 25 ಕೆಲಸಗಾರರು ಸಂಸಾರ ಕಟ್ಟಿಕೊಂಡು ಅಲ್ಲಿಗೆ ಹೋದರು. ಕಿರ್ಲೋಸ್ಕರವಾಡಿ ಹುಟ್ಟಿತು. ಆಮೇಲೆ ನಿಲ್ದಾಣದ ಹೆಸರೂ ಬದಲಾಯಿತು.

ಒಂಟಿ ಕೈಯಲ್ಲಿ ಸಾಮ್ರಾಜ್ಯ ಕಟ್ಟಿದವರು ಅಂತ ಉದ್ಯಮಿಗಳ ಬಗ್ಗೆ ಬರೆಯೋ ಚಟ ನಮ್ಮ ವೃತ್ತಿಯಲ್ಲಿದೆ. ಇವರ ಲೆಕ್ಕ ತೆಗೆದರೆ ಅಣ್ಣನ ದುಡ್ಡು ಮತ್ತು ದುಡಿಮೆ, ಒಬ್ಬ ರಾಜನ ಭೂಮಿ, ಹಾವಿನ ಹೊಲಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದ 25 ಮಂದಿ ಎಲ್ಲ ಕಾಣುತ್ತಾರೆ. ಪಂಡಿತರ ಮನೆಯ ಅಕ್ಷರದ ಬಲವೂ ಇತ್ತು. ಅದನ್ನು ಮುಚ್ಚಿಟ್ಟು ಹೊಗಳಿದರೆ ಅವರಿಗೇ ಅನ್ಯಾಯ. ಯಾಕೆಂದರೆ ತಮಗೆ ಸಿಕ್ಕಿದ ನೆಲದಲ್ಲಿ ಅವರು ಬರೀ ಕಾರ್ಖಾನೆ ಕಟ್ಟಲಿಲ್ಲ, ಊರು ಕಟ್ಟಿದರು. ಆ ಊರಿನಲ್ಲಿ ಅಸ್ಪೃಶ್ಯತೆಗೆ ನಿಷೇಧ ಹಾಕಿದರು. ಜೈಲಿನಿಂದ ಬಂದವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡರು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. 1926ರ ಹೊತ್ತಿಗೆ ಪಂಪು ಬಂತು. ಅದೇ ವರ್ಷ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದ. ಪದವಿಯಿಲ್ಲದ ಮಾಸ್ತರರ ಮಗ! 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಅಂದರೆ ಮನೆತನದ ಉದ್ಯಮ ಕನ್ನಡ ನಾಡಿಗೆ ವಾಪಸ್ ಬಂತು, ಆದರೆ ಬೆಳಗಾವಿಯನ್ನು ದಾಟಿಕೊಂಡು ಬಂತು.

ಲಕ್ಷ್ಮಣರಾವ್ ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಸರಿಯಾಗಿ 36 ದಿನಕ್ಕೆ, ನವೆಂಬರ್ 1ರಂದು ಬೆಳಗಾವಿ ನಮ್ಮ ರಾಜ್ಯಕ್ಕೆ ಸೇರಿತು. ಅಲ್ಲಿಂದ ಇಲ್ಲಿವರೆಗೆ ಆ ಊರು ಯಾರದು ಅಂತ ಎರಡೂ ಕಡೆ ಬಸ್ಸಿಗೆ ಮಸಿ ಬಳಿದಿದ್ದೇವೆ. ಊರು ತನ್ನ ಕಾರ್ಖಾನೆಯನ್ನು ಯಾಕೆ ಕಳಿಸಿಕೊಟ್ಟಿತು ಅಂತ ಯಾವ ಕಡೆಯವರೂ ಕೇಳಿದ್ದನ್ನು ನಾನು ಕಂಡಿಲ್ಲ.

1969ರಲ್ಲಿ ಅವರ ಜನ್ಮಶತಮಾನಕ್ಕೆ ಅಂಚೆ ಚೀಟಿ ಬಂತು. ಅದೇ ವರ್ಷ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ರಾಜ್ಯದ ಉಳಿದೆಡೆ ಸರ್ಕಾರಿ ಮಂಡಳಿ ಕರೆಂಟು ಹಂಚುತ್ತಿದ್ದಾಗ ಇಲ್ಲಿ ಸದಸ್ಯರೇ ಕಟ್ಟಿದ ಸಂಘ ಹಳ್ಳಿಗಳಿಗೆ ತಂತಿ ಎಳೆಯಿತು. ಪಂಪು ಇದ್ದರಷ್ಟೇ ಸಾಲದು, ಕರೆಂಟೂ ಬೇಕಲ್ಲ. ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ಕಡೆ ನೀರಿದೆ, ಕಬ್ಬಿದೆ, ಕರೆಂಟಿದೆ, ಎಂಜಿನಿಯರಿಂಗ್ ಓದಿದ ಹುಡುಗರಂತೂ ಮನೆಗೊಬ್ಬರಿದ್ದಾರೆ. ಆ ಹುಡುಗರು ಕಟ್ಟಿದ ಕಾರ್ಖಾನೆಗಳನ್ನು ಮಾತ್ರ ಹುಡುಕಬೇಕು. ಅವರ ಹತ್ತಿರ ನಕ್ಷೆ ಇಲ್ಲ ಅಂತ ನಾನು ನಂಬೋದಿಲ್ಲ. ಅವರಿಗೆ 32 ಎಕರೆ ಬೇಡ, ಎರಡು ಎಕರೆ ಕೊಡುವವರು ಯಾರು ಅಂತ ಹೇಳಿ ನೋಡೋಣ. ಕೊಡೋ ಅಧಿಕಾರ ಇದ್ದವರು ಸಕ್ಕರೆ ಕಾರ್ಖಾನೆ, ಸಹಕಾರ ಸಂಘದ ಚುನಾವಣೆಗಳಲ್ಲಿ ವ್ಯಸ್ತರಾಗಿದ್ದಾರೆ.

ಕಳೆದ ಸಲ ಊರಿಗೆ ಹೋದಾಗ ಘಟಪ್ರಭಾ ಸ್ಟೇಶನ್ನಿನಲ್ಲಿ ಮಿರಜ್ ಕಡೆ ಹೋಗೋ ಗಾಡಿಗೆ ಕಾಯುತ್ತಿದ್ದೆ. ಬೆನ್ನಿಗೆ ಬ್ಯಾಗ್, ಕೈಯಲ್ಲಿ ರೊಟ್ಟಿ ಕಟ್ಟಿದ ಗಂಟು ಹಿಡಿದ ಐದಾರು ಹುಡುಗರು ನಿಂತಿದ್ದರು. ಎಲ್ಲರೂ ಡಿಪ್ಲೊಮಾದವರು, ಇಬ್ಬರು ಎಲೆಕ್ಟ್ರಿಕಲ್. ಎಲ್ಲಿಗೆ ಅಂತ ಕೇಳಿದೆ. ಪುಣೆಗೆ, ಪಂಪಿನ ಕಂಪನಿಯೊಂದರಲ್ಲಿ ಟ್ರೇನಿ ಕೆಲಸ ಅಂದರು. ಮಿರಜ್ ದಾಟಿದ ಮೇಲೆ ಅವರ ಗಾಡಿ ಕಿರ್ಲೋಸ್ಕರವಾಡಿ ಮೇಲೆಯೇ ಹೋಗುತ್ತದೆ.