ಹಳ್ಳಿಯೇ ಪ್ರಯೋಗಶಾಲೆ

ಅಮೂಲ್ಯಕುಮಾರ ಎನ್. ರೆಡ್ಡಿಯವರು 1930ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅವರು, ವಿಜ್ಞಾನದ ಫಲ ಬಡವರಿಗೂ ದೊರೆಯಬೇಕೆಂದು ಬಯಸಿ, 1974ರಲ್ಲಿ ‘ಅಸ್ತ್ರ’ ಕೇಂದ್ರದ ಸ್ಥಾಪನೆಗೆ ಕಾರಣರಾದರು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯು ಸೌದೆಯನ್ನು ಉಳಿಸಿತು. ಅಡುಗೆಮನೆಯ ಹೊಗೆಯನ್ನು ಹೊರಹಾಕಿತು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅಡುಗೆಗೆ ಸಗಣಿ ಅನಿಲವನ್ನು ಒದಗಿಸುವ ಮೊದಲ ಯತ್ನ ಫಲಿಸಲಿಲ್ಲ, ಸಗಣಿ ಸಾಲದಾಯಿತು. ಅಸ್ತ್ರದವರು ಧೃತಿಗೆಡಲಿಲ್ಲ. ಊರವರಿಗೆ ನೀರೇ ಮೊದಲ ಅಗತ್ಯವೆಂದರಿತು, 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ, ಮನೆಗಳಿಗೆ ಬೆಳಕನ್ನೂ ನಲ್ಲಿಗೆ ನೀರನ್ನೂ ಒದಗಿಸಿದರು. ಅನಿಲ ತೆಗೆದ ಬಗ್ಗಡವು ಸಗಣಿ ಕೊಟ್ಟವರಿಗೆ ಗೊಬ್ಬರವಾಗಿ ಮರಳಿತು.

ರೆಡ್ಡಿಯವರು 2006ರಲ್ಲಿ ನಿಧನರಾದರು. ಐ.ಡಿ.ಹಳ್ಳಿಯಂತಹ ಊರಿನ ಮಕ್ಕಳೂ ತಮ್ಮ ಮನೆಯ ಒಲೆ, ಕೊಟ್ಟಿಗೆಗಳಿಂದಲೇ ಶಕ್ತಿಯ ಪಾಠವನ್ನು ಆರಂಭಿಸಬಹುದೆಂಬುದಕ್ಕೆ ಅವರ ಬಾಳು ನಿದರ್ಶನ.