ರಾಜ್‌ಕುಮಾರ್

ಡಾ. ರಾಜ್‌ಕುಮಾರ್ (ಏಪ್ರಿಲ್ 24, 1929 - ಏಪ್ರಿಲ್ 12, 2006) ಕನ್ನಡ ಚಲನಚಿತ್ರರಂಗದ ಮೇರುನಟರು ಹಾಗೂ ಗಾಯಕರು. ಇವರ ಮೂಲ ಹೆಸರು ಮುತ್ತುರಾಜ್. ಅಭಿಮಾನಿಗಳಿಗೆ ಇವರು ‘ಅಣ್ಣಾವ್ರು’. ಮರಣಾನಂತರ ತಮ್ಮ ಕಣ್ಣುಗಳನ್ನು ದಾನ ಮಾಡಿದ ಇವರು ಕರ್ನಾಟಕದಲ್ಲಿ ನೇತ್ರದಾನಕ್ಕೆ ಪ್ರೇರಣೆಯಾದರು.

ಜೀವನ

ಗಾಜನೂರಿನಲ್ಲಿ ಜನಿಸಿದರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು, ತಾಯಿ ಲಕ್ಷ್ಮಮ್ಮ. ಹೆಚ್ಚಿನ ಶಾಲಾ ಶಿಕ್ಷಣ ದೊರೆಯಲಿಲ್ಲ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ಇವರಿಗೆ ಪಾಠಶಾಲೆಯಾಯಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ ನಾಯಕನಟರಾದರು. ಶಿವನಿಗೆ ತನ್ನ ಕಣ್ಣುಗಳನ್ನೇ ಅರ್ಪಿಸಿದ ಬೇಡನ ಕಥೆ ಅದು. ಮುಂದೆ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. 1982ರ ಗೋಕಾಕ್ ಚಳವಳಿಗೆ ಇವರ ಪ್ರವೇಶದಿಂದ ಹೊಸ ಬಲ ಬಂದಿತು. 2000ನೇ ಇಸವಿಯ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ಇವರನ್ನು ಅಪಹರಿಸಿದನು. 108 ದಿನಗಳ ನಂತರ ಬಿಡುಗಡೆಯಾಯಿತು. ಪದ್ಮಭೂಷಣ, ಕರ್ನಾಟಕ ರತ್ನ ಮತ್ತು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗಳಿಗೆ ಭಾಜನರಾದರು.

ನೇತ್ರದಾನ

1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕ್ ಆರಂಭವಾಯಿತು. ಆ ಸಂದರ್ಭದಲ್ಲಿ ಇವರು ತಮ್ಮ ಹಾಗೂ ಕುಟುಂಬದವರ ನೇತ್ರದಾನದ ವಾಗ್ದಾನ ಮಾಡಿದರು.

ದಾನದಿಂದ ಬಂದ ಕಣ್ಣಿನಲ್ಲಿ ಕಸಿಗೆ ಬಳಸುವುದು ಕಾರ್ನಿಯಾವನ್ನು, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲವನ್ನು. ಕೆರಟೋಕೋನಸ್ ರೋಗದಲ್ಲಿ ಈ ಪಟಲ ತೆಳುವಾಗಿ ಶಂಕುವಿನಂತೆ ಉಬ್ಬುತ್ತದೆ. ಒಳಪದರದ ಜೀವಕೋಶಗಳು ನಶಿಸಿದರೆ ಪಟಲದಲ್ಲಿ ನೀರು ತುಂಬಿ ಮಸುಕಾಗುತ್ತದೆ. ರೋಗ ಬಲಿತಾಗ ಕಸಿಯೇ ಮುಖ್ಯ ಚಿಕಿತ್ಸೆ. ಮರಣದ ನಂತರ ಸುಮಾರು 6 ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯಬೇಕು. ಇಳಿವಯಸ್ಸಾಗಲೀ ಕನ್ನಡಕ ಧರಿಸುವುದಾಗಲೀ ದಾನಕ್ಕೆ ಅಡ್ಡಿಯಲ್ಲ.

2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ಹೃದಯಾಘಾತದಿಂದ ಬೆಂಗಳೂರಿನಲ್ಲಿ ನಿಧನರಾದರು. ಸುದ್ದಿ ಹರಡುತ್ತಿದ್ದಂತೆ ನಗರ ಸ್ತಬ್ಧವಾಯಿತು. ಗಲಭೆಗಳಲ್ಲಿ ಜೀವಹಾನಿಯೂ ಸಂಭವಿಸಿತು. ಆ ನಡುವೆಯೂ ಕುಟುಂಬದವರು ಕೊಟ್ಟ ಮಾತನ್ನು ನಡೆಸಿಕೊಟ್ಟರು. ಅಂತ್ಯಕ್ರಿಯೆ ಮರುದಿನ ಕಂಠೀರವ ಸ್ಟುಡಿಯೋದ ಆವರಣದಲ್ಲಿ ನೆರವೇರಿತು.

ಪರಂಪರೆ

ಪತ್ನಿ ಪಾರ್ವತಮ್ಮ ರಾಜ್‌ಕುಮಾರ್ (ನಿಧನ: 2017) ಮತ್ತು ಕಿರಿಯ ಮಗ ಪುನೀತ್ ರಾಜ್‌ಕುಮಾರ್ (ನಿಧನ: 2021) ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. ಪುನೀತ್ ಅವರ ಪ್ರತಿಯೊಂದು ಕಾರ್ನಿಯಾವನ್ನು ಮುಂಪದರ ಮತ್ತು ಹಿಂಪದರಗಳಾಗಿ ಬೇರ್ಪಡಿಸಲಾಯಿತು. ಮುಂಭಾಗದ ರೋಗವಿದ್ದ ಇಬ್ಬರಿಗೆ ಮುಂಪದರವನ್ನೂ ಒಳಪದರ ಕೆಟ್ಟಿದ್ದ ಇಬ್ಬರಿಗೆ ಹಿಂಪದರವನ್ನೂ ಕಸಿ ಮಾಡಿದ್ದರಿಂದ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ದೊರೆಯಿತು. ಉಳಿದ ಅಂಚಿನ ಭಾಗವನ್ನು ಕಾಂಡಕೋಶ ಸಂಶೋಧನೆಗೆ ನೀಡಲಾಯಿತು. ಕಾರ್ನಿಯಾದ ಮೇಲ್ಪದರವನ್ನು ನಿರಂತರವಾಗಿ ನವೀಕರಿಸುವ ಕಾಂಡಕೋಶಗಳು ಈ ಅಂಚಿನಲ್ಲಿಯೇ ಇರುತ್ತವೆ. ಸುಟ್ಟಗಾಯ ಅಥವಾ ರಾಸಾಯನಿಕಗಳಿಂದ ಅವು ನಾಶವಾದವರಿಗೆ ಕೇವಲ ಕಾರ್ನಿಯಾ ಕಸಿ ಸಾಲದು. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಚಿಕಿತ್ಸೆ ಅಂಥವರಿಗೆ ಆಸರೆಯಾಗಬಲ್ಲದು.